ಆಟದಿಂದ ಬರುವ ಮೊಣಕೈ ನೋವು: ಸ್ನಾಯುರಜ್ಜುವಿನ ಆರೈಕೆಯ ಕ್ರಮ

ಟೆನ್ನಿಸ್, ಬ್ಯಾಡ್ಮಿಂಟನ್, ಗಾಲ್ಫ್, ಭಾರ ಎತ್ತುವುದು, ಬಂಡೆ ಹತ್ತುವುದು ಮುಂತಾಗಿ ಹಿಡಿತ ಬಿಗಿಮಾಡಿ ಮಣಿಕಟ್ಟನ್ನು ಮತ್ತೆ ಮತ್ತೆ ದುಡಿಸುವ ಯಾವ ಚಟುವಟಿಕೆಯಿಂದಲಾದರೂ ಮೊಣಕೈಯ ಸ್ನಾಯುರಜ್ಜುಗಳು, ಅಂದರೆ ಸ್ನಾಯುವನ್ನು ಮೂಳೆಗೆ ಬಂಧಿಸುವ ಗಟ್ಟಿ ಎಳೆಗಳ ಕಟ್ಟುಗಳು, ನೋಯತೊಡಗಬಹುದು. ಹೊರಬದಿಯ ಮೂಳೆಯ ಉಬ್ಬಿನಲ್ಲಿ ಕಾಣಿಸಿಕೊಳ್ಳುವ ನೋವನ್ನು ಟೆನ್ನಿಸ್ ಎಲ್ಬೋ ಎಂದೂ ಒಳಬದಿಯದನ್ನು ಗಾಲ್ಫರ್ಸ್ ಎಲ್ಬೋ ಎಂದೂ ಕರೆಯುತ್ತಾರೆ. ರ್‍ಯಾಕೆಟ್ ಮುಟ್ಟದವರಲ್ಲೂ ಇವೆರಡೂ ಸಾಮಾನ್ಯ; ಮೂವತ್ತೈದು ದಾಟಿದವರಲ್ಲಿ ಹೆಚ್ಚು.

ನೋವು ಯಾವ ಬದಿಯದೆಂದು ಮೊದಲು ಖಚಿತಪಡಿಸಿಕೊಳ್ಳಬೇಕು. ಮೊಣಕೈಯನ್ನು ನೇರವಾಗಿ ಚಾಚಿ, ಅಂಗೈಯನ್ನು ಕೆಳಮುಖವಾಗಿಸಿ, ಇನ್ನೊಂದು ಕೈಯಿಂದ ತಡೆಯೊಡ್ಡುತ್ತ ಮಣಿಕಟ್ಟನ್ನು ಮೇಲಕ್ಕೆತ್ತಲು ಯತ್ನಿಸಿದಾಗ ಹೊರ ಉಬ್ಬಿನಲ್ಲಿ ನೋವೆದ್ದರೆ ಅದು ಬಹುಮಟ್ಟಿಗೆ ಟೆನ್ನಿಸ್ ಎಲ್ಬೋ. ಅಂಗೈಯನ್ನು ಮೇಲ್ಮುಖವಾಗಿಸಿ, ಅದೇ ರೀತಿಯ ತಡೆಗೆ ಎದುರಾಗಿ ಮಣಿಕಟ್ಟನ್ನು ಮಡಿಸುವಾಗ ಒಳಬದಿ ನೊಂದರೆ ಅದು ಗಾಲ್ಫರ್ಸ್ ಎಲ್ಬೋ.

ಇದನ್ನು ಕೇವಲ ಉರಿಯೂತವೆಂದು ತಿಳಿಯುವುದರಿಂದಲೇ ಚಿಕಿತ್ಸೆ ಹಲವು ಬಾರಿ ದಾರಿ ತಪ್ಪುತ್ತದೆ. ತಿಂಗಳುಗಟ್ಟಲೆ ನೋಯುವ ಸ್ನಾಯುರಜ್ಜುವಿನಲ್ಲಿ ಸಾಮಾನ್ಯವಾಗಿ ಕಂಡುಬರುವುದು ಅಸ್ತವ್ಯಸ್ತಗೊಂಡ ಕೊಲಾಜೆನ್ (ರಜ್ಜುವಿಗೆ ಬಲ ಕೊಡುವ ಪ್ರೋಟೀನ್) ಎಳೆಗಳು, ಅಂದರೆ ಅರ್ಧಕ್ಕೆ ನಿಂತ ದುರಸ್ತಿ. ಸಂಪೂರ್ಣ ವಿಶ್ರಾಂತಿಯಿಂದ ನೋವು ತಗ್ಗುತ್ತದೆಯೇ ಹೊರತು ಎಳೆಗಳಿಗೆ ಬಲ ಬರುವುದಿಲ್ಲ. ಆಟಕ್ಕೆ ಮರಳಿದ ಕೂಡಲೇ ನೋವೂ ಮರಳುತ್ತದೆ. ಅಳತೆಯರಿತು, ಹಂತಹಂತವಾಗಿ ಹೊರಿಸುವ ಭಾರವೇ ಇಲ್ಲಿ ಮುಖ್ಯ ಚಿಕಿತ್ಸೆ.

ಮೊದಲ ಒಂದೆರಡು ವಾರ ನೋವು ಕೆರಳಿಸುವ ಹೊಡೆತಗಳನ್ನೂ ಎತ್ತುವಿಕೆಗಳನ್ನೂ ಬಿಡಬೇಕು, ಆದರೆ ಕೈಯನ್ನು ಪೂರ್ತಿ ನಿಶ್ಚಲವಾಗಿಡಬಾರದು. ಹೊರಬದಿ ನೋಯುವವರು ಚೀಲ, ಬಾಟಲಿಗಳನ್ನು ಅಂಗೈ ಮೇಲ್ಮುಖವಾಗಿರುವಂತೆ, ಮೊಣಕೈಯನ್ನು ದೇಹಕ್ಕೆ ಹತ್ತಿರವಿಟ್ಟು ಎತ್ತುವುದು ಒಳಿತು. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹತ್ತು ಹದಿನೈದು ನಿಮಿಷ ಇಡುವುದರಿಂದ, ನೋವು ನಿವಾರಕ ಜೆಲ್ ಹಚ್ಚುವುದರಿಂದ ತಾತ್ಕಾಲಿಕ ಉಪಶಮನ ಸಿಗುತ್ತದೆ. ನುಂಗುವ ಮಾತ್ರೆಗಳ ವಿಷಯದಲ್ಲಿ, ವಿಶೇಷವಾಗಿ ಹೊಟ್ಟೆಹುಣ್ಣು, ಮೂತ್ರಪಿಂಡ ಅಥವಾ ಹೃದಯದ ತೊಂದರೆ ಇರುವವರು, ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ವ್ಯಾಯಾಮವನ್ನು ಚಲನೆಯಿಲ್ಲದ ಬಿಗಿತದಿಂದ ಆರಂಭಿಸುವುದು ಸುರಕ್ಷಿತ. ಮುಂದೋಳನ್ನು ಮೇಜಿನ ಮೇಲಿಟ್ಟು, ಅಂಗೈ ಕೆಳಮುಖವಾಗಿ ಅಂಚಿನಾಚೆ ಇರುವಂತೆ ಮಾಡಿ, ಇನ್ನೊಂದು ಕೈಯ ಒತ್ತಡಕ್ಕೆ ಎದುರಾಗಿ ಮಣಿಕಟ್ಟನ್ನು 30ರಿಂದ 45 ಸೆಕೆಂಡು ಅಲುಗದಂತೆ ಹಿಡಿಯಬೇಕು. ನಡುವೆ ಬಿಡುವು ಕೊಟ್ಟು ಇದನ್ನು ನಾಲ್ಕೈದು ಬಾರಿ ಮಾಡಬಹುದು. ಇದು ಸಲೀಸಾದ ಮೇಲೆ ಅದೇ ಭಂಗಿಯಲ್ಲಿ ಅರ್ಧ ಅಥವಾ ಒಂದು ಕಿಲೋ ಡಂಬೆಲ್ ಹಿಡಿದು, ಒಳ್ಳೆಯ ಕೈಯ ನೆರವಿನಿಂದ ಮೇಲೆತ್ತಿ, ನೋವಿನ ಕೈಯೊಂದರಿಂದಲೇ ಮೂರು ನಾಲ್ಕು ಸೆಕೆಂಡುಗಳಲ್ಲಿ ನಿಧಾನವಾಗಿ ಇಳಿಸಬೇಕು. ಹತ್ತರಿಂದ ಹದಿನೈದು ಇಳಿಸುವಿಕೆಗಳ ಮೂರು ಸುತ್ತು ಸಾಕು. ಒಳಬದಿಯ ನೋವಿಗೂ ಕ್ರಮ ಇದೇ, ಅಂಗೈ ಮಾತ್ರ ಮೇಲ್ಮುಖವಾಗಿರಬೇಕು.

ವ್ಯಾಯಾಮದ ವೇಳೆ ಸ್ವಲ್ಪ ನೋವಾದರೆ ಅಂಜಬೇಕಿಲ್ಲ. ಹತ್ತರ ಅಳತೆಯಲ್ಲಿ ಅದು ಮೂರು ನಾಲ್ಕನ್ನು ಮೀರದೆ, ಮರುದಿನ ಬೆಳಗಿನೊಳಗೆ ಹಿಂದಿನ ಮಟ್ಟಕ್ಕೆ ಇಳಿದರೆ ಭಾರ ಸರಿಯಾಗಿದೆ. ಇಳಿಯದಿದ್ದರೆ ಭಾರವನ್ನು ಕಡಿಮೆ ಮಾಡಬೇಕು, ವ್ಯಾಯಾಮವನ್ನೇ ಕೈಬಿಡಬಾರದು. ಫಲ ಕಾಣಲು ಆರರಿಂದ ಹನ್ನೆರಡು ವಾರ ಹಿಡಿಯುವುದು ಸಹಜವಾದ್ದರಿಂದ ಎರಡನೇ ವಾರದಲ್ಲೇ ನಿರಾಶರಾಗಲು ಕಾರಣವಿಲ್ಲ. ಭುಜ ದುರ್ಬಲವಾಗಿದ್ದರೆ ಹೊಡೆತದ ಹೊರೆ ಮೊಣಕೈಗೆ ಹೆಚ್ಚಾಗಿ ಬೀಳಬಹುದಾದ್ದರಿಂದ ಭುಜದ ವ್ಯಾಯಾಮವನ್ನೂ ಸೇರಿಸಿಕೊಳ್ಳುವುದು ಲೇಸು.

ಮೊಣಕೈ ಪಟ್ಟಿಯನ್ನು ನೋಯುವ ಮೂಳೆಯ ಮೇಲೆಯೇ ಕಟ್ಟದೆ, ಅದರಿಂದ ಎರಡು ಮೂರು ಸೆಂಟಿಮೀಟರ್ ಕೆಳಗೆ ಮುಂದೋಳಿನ ಸ್ನಾಯುವಿನ ಮೇಲೆ ಕಟ್ಟಬೇಕು. ಸ್ಟೀರಾಯ್ಡ್ ಚುಚ್ಚುಮದ್ದಿನ ಆಕರ್ಷಣೆ ದೊಡ್ಡದು. ಟೆನ್ನಿಸ್ ಎಲ್ಬೋದಲ್ಲಿ ಮೊದಲ ಕೆಲವು ವಾರ ಅದು ನಿಜಕ್ಕೂ ನೋವನ್ನು ತಗ್ಗಿಸುತ್ತದೆ. ಆದರೆ ವರ್ಷದ ಕೊನೆಗೆ ಚುಚ್ಚುಮದ್ದು ಪಡೆದವರ ಸ್ಥಿತಿ ಪಡೆಯದವರಿಗಿಂತ ಕೆಟ್ಟಿರುವುದನ್ನು ಅಧ್ಯಯನಗಳು ತೋರಿಸಿರುವುದರಿಂದ ಅದನ್ನು ಮೊದಲ ಆಯ್ಕೆಯಾಗಿಸುವುದು ವಿವೇಕವಲ್ಲ.

ದೈನಂದಿನ ಕೆಲಸ ನೋವಿಲ್ಲದೆ ಸಾಗಿ, ಹಿಡಿತದ ಬಲ ಇನ್ನೊಂದು ಕೈಗೆ ಸಮೀಪಿಸಿದಾಗ ಆಟಕ್ಕೆ ಮರಳಬಹುದು. ಮೊದಲು ಅರ್ಧ ಅವಧಿ, ದಿನ ಬಿಟ್ಟು ದಿನ. ಟೆನ್ನಿಸ್ ಆಡುವವರು ರ್‍ಯಾಕೆಟ್ಟಿನ ತಂತಿಯ ಬಿಗಿತವನ್ನು ಸ್ವಲ್ಪ ಸಡಿಲಿಸಿ, ಹಿಡಿಯ ಗಾತ್ರ ಅಂಗೈಗೆ ಹೊಂದುವುದೇ ಎಂದು ನೋಡಿಕೊಳ್ಳಬೇಕು. ತಡವಾಗಿ, ಮಣಿಕಟ್ಟಿನಿಂದಷ್ಟೇ ಹೊಡೆಯುವ ಒಂಟಿಗೈ ಬ್ಯಾಕ್‌ಹ್ಯಾಂಡ್ ಇದ್ದರೆ ಅದನ್ನು ತರಬೇತುದಾರರ ಬಳಿ ತಿದ್ದಿಕೊಳ್ಳಬೇಕು.

ಕೀಲು ಊದಿಕೊಂಡು ಕೆಂಪಾಗಿ ಜ್ವರ ಬಂದರೆ, ಮೊಣಕೈ ಸಿಕ್ಕಿಕೊಂಡು ಚಾಚಲಾಗದಿದ್ದರೆ, ಫಟ್ಟೆಂಬ ಸದ್ದಿನೊಡನೆ ಬಲ ಕುಸಿದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಕಿರುಬೆರಳು, ಉಂಗುರದ ಬೆರಳುಗಳು ಜೋಮು ಹಿಡಿಯುತ್ತಿದ್ದರೆ ನರದ ಪರೀಕ್ಷೆಯಾಗಬೇಕು. ಚೆಂಡೆಸೆಯುವ ಮಕ್ಕಳ ಮೊಣಕೈ ನೋವಿಗೆ ಈ ವ್ಯಾಯಾಮಗಳು ಅನ್ವಯಿಸುವುದಿಲ್ಲ. ಅವರಲ್ಲಿ ಮೂಳೆಯ ಬೆಳವಣಿಗೆಯ ಭಾಗಕ್ಕೇ ಪೆಟ್ಟಾಗಿರಬಹುದಾದ್ದರಿಂದ ಎಸೆತವನ್ನು ನಿಲ್ಲಿಸಿ ಮೊದಲು ತಪಾಸಣೆ ಮಾಡಿಸಬೇಕು.