ಕೆರೆಗೆ ನೀರು ಬರುವ ದಾರಿ ಹುಡುಕಿ: ಕ್ಯೂಜಿಐಎಸ್‌ನಲ್ಲಿ ಜಲಾನಯನ ನಕ್ಷೆ

ಕಾಲುವೆ ಮುಚ್ಚಿಹೋಗಿದ್ದರೆ ಎಷ್ಟು ಹೂಳೆತ್ತಿದರೂ ಕೆರೆ ತುಂಬದು. ಮೈಸೂರಿನ ಲಿಂಗಾಂಬುಧಿಯಂತೆ ಬಡಾವಣೆಗಳ ನಡುವೆ ಸಿಕ್ಕಿರುವ ಕೆರೆಗೆ ಹಣ ಹಾಕುವ ಮುನ್ನ ಜಲಾನಯನ ನಕ್ಷೆ, ಅಂದರೆ ಯಾವ ನೆಲದ ನೀರು ಕೆರೆಗೆ ಹರಿದುಬರುತ್ತದೆ ಎಂದು ತೋರಿಸುವ ನಕ್ಷೆ, ಬೇಕೇ ಬೇಕು. ಉಚಿತವಾಗಿ ಸಿಗುವ, ನಕ್ಷೆ ತಯಾರಿಸುವ ಕ್ಯೂಜಿಐಎಸ್ ತಂತ್ರಾಂಶ ಇದಕ್ಕೆ ಸಾಕು.

ಮೊದಲು ಎಸ್‌ಆರ್‌ಟಿಎಂ ಎತ್ತರದ ದತ್ತಾಂಶ ಇಳಿಸಿಕೊಳ್ಳಿ. ಇದು 2000ದ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯ ರೇಡಾರ್ ತೆಗೆದ ಅಳತೆ. ಆಮೇಲೆ ಎದ್ದ ಬಡಾವಣೆಗಳು ಇದರಲ್ಲಿಲ್ಲ. ನೀರಿನ ಹಳೇ ಹಾದಿ ಹುಡುಕಲು ಅದೇ ಅನುಕೂಲ. ದತ್ತಾಂಶವನ್ನು ಮೀಟರ್‌ನಲ್ಲಿ ಅಳೆಯುವ ನಕ್ಷಾ ಪದ್ಧತಿಯಾದ ಇಪಿಎಸ್‌ಜಿ 32643ಕ್ಕೆ ಬದಲಿಸಿ. ಇಲ್ಲದಿದ್ದರೆ ಅಳತೆ ಡಿಗ್ರಿಯಲ್ಲೇ ಉಳಿದು, 30 ಮೀಟರ್ ಬಫರ್ (ಗೆರೆಯ ಸುತ್ತಲಿನ ಪಟ್ಟಿ) ಕೇಳಿದರೆ 30 ಡಿಗ್ರಿ ಬರುತ್ತದೆ.

ಕ್ಯೂಜಿಐಎಸ್ ಜೊತೆ ಬಳಸುವ ಗ್ರಾಸ್ ಸಲಕರಣೆಗಳಲ್ಲಿ, ನೀರು ಹರಿಯುವ ಹಾದಿ ಲೆಕ್ಕ ಹಾಕುವ ಆರ್.ವಾಟರ್‌ಶೆಡ್ ತೆರೆದು ಮಿತಿಯನ್ನು (threshold) 500 ಪಿಕ್ಸೆಲ್, ಅಂದರೆ ದತ್ತಾಂಶದ 500 ಚೌಕ, ಇಡಿ. ಒಂದು ಪಿಕ್ಸೆಲ್ 900 ಚದರ ಮೀಟರ್, ಅಂದರೆ 45 ಹೆಕ್ಟೇರಿನ ನೀರು ಕೂಡಿದ ಕಡೆ ತೊರೆಯ ಗೆರೆ ಮೂಡುತ್ತದೆ. ಗೆರೆ ಕೆರೆಗೆ ಸೇರುವ ಪಿಕ್ಸೆಲ್ ಮೇಲೆಯೇ ಬಿಂದು ಇಟ್ಟು, ಆ ಬಿಂದುವಿನ ಜಲಾನಯನ ಗುರುತಿಸುವ ಆರ್.ವಾಟರ್.ಔಟ್‌ಲೆಟ್ ಓಡಿಸಿ. ಒಂದು ಪಿಕ್ಸೆಲ್ ಆಚೀಚೆಯಾದರೂ ಇಡೀ ಜಲಾನಯನದ ಬದಲು ಸಣ್ಣ ಚೂರು ಸಿಗುತ್ತದೆ.

ಹೆಚ್ಚು ಎಡವಟ್ಟಾಗುವುದು ರಸ್ತೆಗಳಲ್ಲಿ. ಏರಿಸಿ ಕಟ್ಟಿದ ರಸ್ತೆ ಎತ್ತರದ ದತ್ತಾಂಶದಲ್ಲಿ ಅಣೆಕಟ್ಟಿನಂತೆ ನಿಲ್ಲುತ್ತದೆ. ಅಡಿಯಲ್ಲಿರುವ ಮೋರಿ ರೇಡಾರ್‌ಗೆ ಕಾಣದು. ಗೆರೆ ರಸ್ತೆಗುಂಟ ಹೊರಳಿದರೆ ಅನುಮಾನಪಡಿ. ಅಲ್ಲಿಗೆ ಹೋಗಿ ಮೋರಿಯ ಜಾಗ ಗುರುತು ಮಾಡಿ, ಆ ಪಿಕ್ಸೆಲ್‌ಗಳ ಎತ್ತರವನ್ನು 5 ಮೀಟರ್ ತಗ್ಗಿಸಿ ಮತ್ತೆ ಲೆಕ್ಕ ಹಾಕಿ. ಇದನ್ನು ಕೂತಲ್ಲೇ ಮಾಡಲಾಗದು, ಮೋರಿ ಮೋರಿಗೂ ನಡೆಯಲೇಬೇಕು.

ಗ್ರಾಮ ನಕ್ಷೆಯನ್ನು ಇದರ ಮೇಲೆ ಕೂರಿಸುವಾಗ ಗಡಿಕಲ್ಲು, ಏರಿಯ ತುದಿ, ಹಳೇ ಬಾವಿಗಳನ್ನು ಎರಡನ್ನೂ ಹೊಂದಿಸುವ ಬಿಂದುಗಳಾಗಿ ಹಿಡಿಯಿರಿ. ಕನಿಷ್ಠ ಆರು ಬಿಂದುಗಳಿರಲಿ. 1:7920 ಅಳತೆಯ ನಕ್ಷೆಯಲ್ಲಿ ಅರ್ಧ ಮಿಲಿಮೀಟರ್ ಗೆರೆಯೇ ನೆಲದ ಮೇಲೆ ಸುಮಾರು 4 ಮೀಟರ್. ಹಾಗಾಗಿ ಸರ್ವೆ ನಂಬರ್ ಪತ್ತೆಗೆ ಇದು ಆದೀತು, ಒತ್ತುವರಿಯ ತೀರ್ಮಾನಕ್ಕಲ್ಲ. ಅದಕ್ಕೆ ಭೂಮಾಪಕರೇ ಬೇಕು.

ಈಗ, ಮುಚ್ಚಿಹೋಗಿರುವ ಪ್ರತಿ ಮೋರಿಗೆ ನೀರು ಹರಿದುಬರುವ ಪ್ರದೇಶದ ವಿಸ್ತೀರ್ಣ ತೆಗೆದು ದೊಡ್ಡದರಿಂದ ಸಣ್ಣದಕ್ಕೆ ಜೋಡಿಸಿ. ತೆರವಿನ ಕೆಲಸಕ್ಕೆ ಇದೇ ಸರದಿ. ಒಂದು ತಪಾಸಣೆ ಮಾತ್ರ ಬಿಡಬೇಡಿ: ಮಳೆಯಿಲ್ಲದ ಫೆಬ್ರವರಿ, ಮಾರ್ಚ್‌ನಲ್ಲೂ ಕಾಲುವೆ ಹರಿಯುತ್ತಿದ್ದರೆ ಹೆಚ್ಚಾಗಿ ಅದು ಮನೆಗಳ ಕೊಳಚೆ. ಒಳಚರಂಡಿ ಸರಿಯಾಗುವವರೆಗೆ ಅಂಥ ಮೋರಿ ತೆರೆಸಬೇಡಿ, ಪಟ್ಟಿಯ ಮುಂದಿನದಕ್ಕೆ ಹೋಗಿ.