ಹನ್ನೊಂದು ಮನೆ, ಒಂದು ಲೆಕ್ಕದ ಪುಸ್ತಕ: ಉಣ್ಣುವುದನ್ನು ಬೀದಿಯವರೇ ಸೇರಿ ಬೆಳೆದುಕೊಳ್ಳುವುದು ಹೇಗೆ

ನಮ್ಮೂರು ಅರಸೀಕೆರೆ ತಾಲ್ಲೂಕಿನ ಗಂಡಸಿ ಕಡೆ. ಮಳೆ ನಂಬಿದ ಊರು. ರಾಗಿ, ತೆಂಗು, ಒಂದಿಷ್ಟು ಆಲೂಗಡ್ಡೆ. ನಮ್ಮ ಬೀದಿಯ ಹನ್ನೊಂದು ಮನೆಯವರು ಆರು ವರ್ಷದಿಂದ ಒಂದು ಕೆಲಸ ಮಾಡುತ್ತಿದ್ದೇವೆ. ಉಣ್ಣುವುದನ್ನು ಆದಷ್ಟೂ ನಾವೇ ಬೆಳೆದುಕೊಳ್ಳುತ್ತೇವೆ, ಬೀಜ ನಾವೇ ಇಟ್ಟುಕೊಳ್ಳುತ್ತೇವೆ, ಹೊಲದ ಕೆಲಸಕ್ಕೆ ಒಬ್ಬರಿಗೊಬ್ಬರು ಆಗುತ್ತೇವೆ. ಲೆಕ್ಕದ ಪುಸ್ತಕ ಬರೆಯುವ ಕೆಲಸ ನನ್ನದು. ನೆಂಟರ ಊರಿಗೆ ಹೋದಾಗೆಲ್ಲ "ನಾವೂ ಮಾಡಬೇಕು ಅಕ್ಕ, ಎಲ್ಲಿಂದ ಶುರು ಮಾಡೋದು?" ಅಂತ ಕೇಳುತ್ತಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲೇ ಒಂದು ಮಾತು. ಎಲ್ಲವನ್ನೂ ನಮ್ಮ ಮನೆಯವರೇ ಮಾಡಿಕೊಳ್ಳುತ್ತೇವೆ ಅಂತ ಹೊರಟವರು ಎರಡೇ ವರ್ಷಕ್ಕೆ ಸೋತುಹೋಗುತ್ತಾರೆ. ಒಂದು ಮನೆಯಲ್ಲಿ ಎತ್ತು ಇರುತ್ತೆ, ಇನ್ನೊಂದರಲ್ಲಿ ಜನ ಇರುತ್ತಾರೆ, ಮತ್ತೊಂದರಲ್ಲಿ ಬೀಜ ಇರುತ್ತೆ. ಮೂರೂ ಒಂದೇ ಮನೆಯಲ್ಲಿ ಇರುವುದು ಅಪರೂಪ. ಹಾಗಾಗಿ ಮನೆ ಲೆಕ್ಕ ಬಿಟ್ಟು ಬೀದಿ ಲೆಕ್ಕ ಹಿಡಿಯಿರಿ.

ಒಂದು ತಿಂಗಳು ಸುಮ್ನೆ ಬರೆಯಿರಿ

ಏನನ್ನೂ ಬದಲಾಯಿಸಬೇಡಿ. ಒಂದು ತಿಂಗಳು ಪ್ರತಿ ಮನೆಯವರೂ ಅಂಗಡಿಯಿಂದ, ಸಂತೆಯಿಂದ ತಂದದ್ದನ್ನೆಲ್ಲ ಬರೆದಿಡಲಿ. ಮಕ್ಕಳ ಕೈಗೆ ನೋಟ್‌ಬುಕ್ ಕೊಟ್ಟರೆ ಅವರೇ ಬರೆಯುತ್ತಾರೆ. ತಿಂಗಳ ಕೊನೆಗೆ ಎಲ್ಲರೂ ಕೂತು ಓದಿ.

ನಮ್ಮ ಪಟ್ಟಿ ಓದಿದ ದಿನ ಪಡಸಾಲೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಹನ್ನೊಂದರಲ್ಲಿ ಒಂಬತ್ತು ಮನೆಗೆ ತೆಂಗಿನ ತೋಟ ಇದೆ. ಹನ್ನೊಂದೂ ಮನೆಯವರು ಅಡುಗೆ ಎಣ್ಣೆ ಪ್ಯಾಕೆಟ್ ತರುತ್ತಿದ್ದೆವು. ರಾಗಿ ಬೆಳೆಯುವ ಮೂರು ಮನೆಯವರು ಸುಗ್ಗಿಯಲ್ಲಿ ಇದ್ದದ್ದನ್ನೆಲ್ಲ ಮಾರಿ, ಬೇಸಿಗೆಯಲ್ಲಿ ಅಂಗಡಿಯಿಂದ ರಾಗಿ ಹಿಟ್ಟು ತರುತ್ತಿದ್ದರು. ತೊಗರಿಬೇಳೆ, ಹುಣಸೆಹಣ್ಣು, ಮೆಣಸಿನಕಾಯಿ ಎಲ್ಲವೂ ಹೊರಗಿನಿಂದ.

ಪಟ್ಟಿಯಲ್ಲಿ ಮೂರು ಗುರುತು ಹಾಕಿ. ನಾವೇ ಬೆಳೆಯಬಹುದಾದ್ದು, ಬೀದಿಯಲ್ಲಿ ಯಾರಾದರೂ ಮಾಡಿಕೊಡಬಹುದಾದ್ದು, ಎಂದೂ ಆಗದ್ದು. ಉಪ್ಪು, ಔಷಧಿ, ಶಾಲೆ ಫೀಸು, ಮೊಬೈಲ್ ರೀಚಾರ್ಜ್, ಬಸ್ ಚಾರ್ಜ್ ಇವೆಲ್ಲ ಮೂರನೆಯದಕ್ಕೆ ಹೋಗುತ್ತವೆ. ಇದಕ್ಕೆ ದುಡ್ಡು ಬೇಕೇ ಬೇಕು, ಮಾರುವ ಬೆಳೆಯೂ ಬೇಕು. ಅದನ್ನು ಮರೆತು ಯಾರಾದರೂ ಮಾತಾಡಿದರೆ ನಂಬಬೇಡಿ.

ಹೊಟ್ಟೆಗೆ ಎಷ್ಟು ನೆಲ ಬೇಕು

ಐದು ಜನರ ಮನೆ ಅಂತ ಇಟ್ಟುಕೊಳ್ಳಿ. ಒಬ್ಬರಿಗೆ ದಿನಕ್ಕೆ 300 ಗ್ರಾಂ ರಾಗಿ ಅಂದರೆ ವರ್ಷಕ್ಕೆ ಸುಮಾರು 110 ಕೆಜಿ. ಮನೆಗೆ ಐದೂವರೆ ಕ್ವಿಂಟಾಲ್. ಮಳೆ ಕೈಕೊಡದಿದ್ದರೆ ನಮ್ಮ ಕಡೆ ಎಕರೆಗೆ ಎಂಟು ಕ್ವಿಂಟಾಲ್ ಬರುತ್ತೆ. ಅಂದರೆ ಒಂದು ಎಕರೆ ರಾಗಿ ಹೊಲ ಒಂದು ಮನೆಯ ಮುದ್ದೆಗೆ ಸಾಕು, ಒಂದಿಷ್ಟು ಉಳಿಯುತ್ತೆ. ಎಣ್ಣೆ ತಿಂಗಳಿಗೆ ಒಬ್ಬರಿಗೆ ಅರ್ಧ ಲೀಟರ್ ಹಿಡಿದರೆ ಮನೆಗೆ ವರ್ಷಕ್ಕೆ 30 ಲೀಟರ್. ಅದಕ್ಕೆ ಸುಮಾರು 45 ಕೆಜಿ ಕೊಬ್ಬರಿ, ಹತ್ತಿರ ಹತ್ತಿರ 300 ಕಾಯಿ. ಐದು ಮರ! ಐದೇ ಮರದ ಕಾಯಿ ಬೇರೆ ಇಟ್ಟರೆ ಎಣ್ಣೆ ಪ್ಯಾಕೆಟ್ ಬೇಡ. ಕೊಬ್ಬರಿ ಎಣ್ಣೆ ಒಗ್ಗದವರು ಹುಚ್ಚೆಳ್ಳು ಹಾಕಿ. ಮೂರು ಕೆಜಿ ಹುಚ್ಚೆಳ್ಳಿಗೆ ಒಂದು ಕೆಜಿ ಎಣ್ಣೆ ಸಿಗುತ್ತೆ. ಹಿಂಡಿ ಹಸುವಿಗೆ ಆಗುತ್ತೆ.

ರಾಗಿಯನ್ನು ಒಂಟಿಯಾಗಿ ಬಿತ್ತಬೇಡಿ, ಅಕ್ಕಡಿ ಹಾಕಿ, ಅಂದರೆ ನಡುನಡುವೆ ಬೇರೆ ಬೆಳೆಯ ಸಾಲು. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ. ಇನ್ನೊಂದು ಕಡೆ ಅವರೆ, ನಡುವೆ ಅಲ್ಲಲ್ಲಿ ಸಾಸಿವೆ, ಹೊಲದ ಅಂಚಿಗೆ ಹುಚ್ಚೆಳ್ಳು. ಮೊದಲು ರಾಗಿ ಕುಯ್ಲಿಗೆ ಬರುತ್ತೆ, ಆಮೇಲೆ ಅವರೆ, ಕೊನೆಗೆ ತೊಗರಿ. ಕೆಲಸವೂ ಒಂದೇ ಸಲ ಮೈಮೇಲೆ ಬೀಳಲ್ಲ. ಒಂದು ಮಳೆ ತಪ್ಪಿದರೂ ಹೊಲ ಪೂರ್ತಿ ಬರಿದಾಗಲ್ಲ.

ಆಲೂಗಡ್ಡೆ ಬಗ್ಗೆ ಹೇಳಲೇಬೇಕು. ಹಾಸನ ಜಿಲ್ಲೆಯವರಿಗೆ ಅದು ಗೊತ್ತಿರುವ ದುಡ್ಡಿನ ಬೆಳೆ. ಬಿತ್ತನೆ ಗಡ್ಡೆ ಪಂಜಾಬಿನ ಜಲಂಧರ್‌ನಿಂದ ಲಾರಿಯಲ್ಲಿ ಬರಬೇಕು. ಎಕರೆಗೆ ಆರೇಳು ಕ್ವಿಂಟಾಲ್ ಗಡ್ಡೆ, ಮೇಲೆ ಗೊಬ್ಬರ, ಔಷಧಿ. ಒಂದು ವರ್ಷ ಜಡಿ ಮಳೆ ಹಿಡಿದು ಅಂಗಮಾರಿ ರೋಗ ಬಂತು. ಮೂರೇ ದಿನದಲ್ಲಿ ನಮ್ಮ ಎರಡು ಎಕರೆ ಸೊಪ್ಪು ಕರ್ರಗೆ ಮಲಗಿತು. ಆ ವರ್ಷ ಎರಡು ಎಕರೆಯಲ್ಲೂ ಅದನ್ನೇ ಹಾಕಿದ್ದೆವು, ಮನೆಯಲ್ಲಿ ರಾಗಿ ಇರಲಿಲ್ಲ. ಆಲೂಗಡ್ಡೆ ಬಿಡಿ ಅಂತ ನಾನು ಹೇಳಲ್ಲ, ನಾವೂ ಬಿಟ್ಟಿಲ್ಲ. ಮೊದಲು ರಾಗಿ ಹೊಲ ಗುರುತು ಮಾಡಿ, ಉಳಿದ ನೆಲದಲ್ಲಿ ಮಾರುವ ಬೆಳೆ ಹಾಕಿ. ನಮ್ಮ ಹನ್ನೊಂದು ಮನೆಯ ಮೊದಲ ಕಟ್ಟುಪಾಡು ಇದೇ.

ಮುಯ್ಯಾಳು: ಎಲ್ಲ ನಿಂತಿರುವುದು ಇದರ ಮೇಲೆ

ಕೂಲಿ ಕೊಟ್ಟು ರಾಗಿ ಬೆಳೆದರೆ ಕೈಗೆ ಏನೂ ಉಳಿಯಲ್ಲ. ಮುಯ್ಯಾಳು ಅಂದರೆ ನಿಮ್ಮ ಹೊಲಕ್ಕೆ ನಾನು ಒಂದು ದಿನ, ನನ್ನ ಹೊಲಕ್ಕೆ ನೀವು ಒಂದು ದಿನ. ನಮ್ಮ ಹಿರಿಯರಿಗೆ ಇದು ಬಾಯಿಲೆಕ್ಕದಲ್ಲೇ ನಡೆಯುತ್ತಿತ್ತು. ಈಗ ನಡೆಯಲ್ಲ, ಬರೆಯಬೇಕು. ಬರೆಯದೆ ಮಾಡಿದ ನಮ್ಮ ಮೊದಲ ವರ್ಷ "ನಾನು ನಾಲ್ಕು ದಿನ ಬಂದೆ, ನೀನು ಮೂರೇ ದಿನ ಬಂದೆ" ಅನ್ನೋ ಮಾತಿಗೆ ಅಣ್ಣತಮ್ಮಂದಿರ ಎರಡು ಮನೆ ಮಾತು ಬಿಟ್ಟಿದ್ದವು.

ನನ್ನ ಪುಸ್ತಕದಲ್ಲಿ ಪುಟಕ್ಕೆ ಒಂದು ಮನೆ. ಎಡಗಡೆ ಕೊಟ್ಟ ದಿನ, ಬಲಗಡೆ ಪಡೆದ ದಿನ. ದಿನಕ್ಕೊಂದು ನಿಂತ ಗೆರೆ, ಐದನೆಯ ದಿನಕ್ಕೆ ನಾಲ್ಕರ ಮೇಲೆ ಅಡ್ಡಗೆರೆ. ಓದು ಬಾರದವರೂ ಬೆರಳಿಟ್ಟು ಎಣಿಸಬಹುದು. ಸಂಜೆ ಹೊಲದಿಂದ ಬರುವಾಗಲೇ ಗೆರೆ ಹಾಕಬೇಕು. ನಾಳೆ ಹಾಕೋಣ ಅಂದರೆ ಕೆಟ್ಟಿತು.

ಗಂಡಾಳಿಗೆ ಒಂದು, ಹೆಣ್ಣಾಳಿಗೆ ಮುಕ್ಕಾಲು ಅಂತ ಮೊದಲು ಒಬ್ಬರು ಹೇಳಿದರು. ಎರಡು ಸಂಜೆ ಚರ್ಚೆ ಆಯಿತು. ಕೊನೆಗೆ ನಮ್ಮತ್ತೆ ಬಾಗಿಲ ಹತ್ತಿರ ಕೂತವರು ಹೇಳಿದರು: "ನೇಗಿಲು ಹಿಡಿಯೋ ಬೆನ್ನಿಗೂ ಕಳೆ ಕೀಳೋ ಬೆನ್ನಿಗೂ ನೋವು ಒಂದೇ ಕಣಪ್ಪ." ಅಲ್ಲಿಗೆ ಮುಗಿಯಿತು. ದಿನಕ್ಕೆ ದಿನ, ಯಾರಾದರೂ ಸರಿ. ಜೋಡೆತ್ತು ತಂದು ಉತ್ತರೆ ಮೂರು ದಿನ. ಹೊಲಕ್ಕೆ ಬರಲಾಗದ ಅಜ್ಜಿ ಎಲ್ಲರ ಮಕ್ಕಳನ್ನು ನೋಡಿಕೊಂಡರೆ ಅದೂ ಪೂರ್ತಿ ದಿನವೇ. ಹೆರಿಗೆ, ಸಾವು, ಆಸ್ಪತ್ರೆ ಇದ್ದ ಮನೆಗೆ ಹೋಗಿ ಮಾಡಿದ ಕೆಲಸಕ್ಕೆ ಗೆರೆಯೇ ಇಲ್ಲ.

ಊಟದ ವಿಷಯದಲ್ಲೂ ಕಟ್ಟುಪಾಡು ಬೇಕು. ಒಂದು ಮನೆಯವರು ಪ್ರೀತಿಯಿಂದ ವಡೆ, ಪಾಯಸ ಮಾಡಿದರು. ಮಾರನೆಯ ದಿನ ಕೆಲಸ ಇದ್ದ ಮನೆಯವರು ಸಾಲ ತಂದು ಕೋಳಿ ಕುಯ್ದರು. ಮುಯ್ಯಾಳಿನ ದಿನ ಎಲ್ಲರ ಮನೆಯಲ್ಲೂ ಮುದ್ದೆ, ಉಪ್ಸಾರು, ಮಜ್ಜಿಗೆ, ಅಷ್ಟೇ ಅಂತ ಗಟ್ಟಿಯಾಗಿ ಹೇಳಿಕೊಂಡೆವು.

ಲೆಕ್ಕ ಚುಕ್ತಾ ಯುಗಾದಿಗೆ. ಬಾಕಿ ಇದ್ದವರು ರಾಗಿ ಕೊಡಬಹುದು, ರಾಗಿ ಹುಲ್ಲು ಕೊಡಬಹುದು, ಮುಂದಿನ ವರ್ಷಕ್ಕೆ ಉಳಿಸಿಕೊಳ್ಳಬಹುದು. ದುಡ್ಡು ಮಾತ್ರ ಬೇಡ. ದುಡ್ಡು ಕೈಗೆ ಬಂದ ದಿನ ಮುಯ್ಯಿ ಹೋಗಿ ಕೂಲಿ ಆಗುತ್ತೆ. ಆಗ ಮನೆಯಲ್ಲಿ ದುಡ್ಡಿದ್ದವರು ಹೊಲಕ್ಕೆ ಬರುವುದನ್ನೇ ಬಿಡುತ್ತಾರೆ.

ಬೀಜ ನಿಮ್ಮ ಮನೆಯಲ್ಲೇ ಇರಲಿ

ರಾಗಿ ಬೀಜ ಇಡುವುದು ಕಷ್ಟವಲ್ಲ. ಅದರ ಹೂವಿಗೆ ಪಕ್ಕದ ಹೊಲದ ಪರಾಗ ಸೇರುವುದು ಬಹಳ ಕಡಿಮೆ, ತಳಿ ಕೆಡಲ್ಲ. ತೊಗರಿಯನ್ನು ಜೇನು ಬೆರೆಸುತ್ತೆ, ಅದಕ್ಕೆ ಬೇರೆ ತಳಿಯಿಂದ ದೂರದ ಹೊಲ ಬೇಕು. ಹೈಬ್ರಿಡ್ ಮುಸುಕಿನ ಜೋಳದ ಬೀಜ ಇಟ್ಟು ಪ್ರಯೋಜನವಿಲ್ಲ, ಮರುವರ್ಷ ಅದೇ ಗುಣ ಬರಲ್ಲ.

ಕುಯ್ಲಿಗೆ ವಾರ ಮುಂಚೆ ಹೊಲದ ಒಳಗೆ ನಡೆಯಿರಿ. ಅಂಚಿನ ಗಿಡ ಬೇಡ, ನಡುವಿನದು ನೋಡಿ. ರೋಗ ಇಲ್ಲದ, ಬೀಳದೆ ನಿಂತ, ತೆನೆ ತುಂಬಿದ ಗಿಡಕ್ಕೆ ಬಣ್ಣದ ದಾರ ಕಟ್ಟಿ. ಆ ತೆನೆಗಳನ್ನು ಬೇರೆ ಕುಯ್ದು, ಬೇರೆ ಬಡಿದು, ಬೇರೆ ಒಣಗಿಸಿ. ಎಲ್ಲದರ ಜೊತೆ ಕಣದಲ್ಲಿ ತೆನೆ ಒಕ್ಕುವ ರೋಣಗಲ್ಲಿಗೆ ಹಾಕಬೇಡಿ. ಕೂರಿಗೆಯಲ್ಲಿ ಸಾಲು ಹಿಡಿದು ಬಿತ್ತಿದರೆ ಎಕರೆಗೆ ನಾಲ್ಕೈದು ಕೆಜಿ ಬೀಜ ಸಾಕು.

ಅವರೆಯಲ್ಲಿ ನಾವು ಪೆಟ್ಟು ತಿಂದೆವು. ಒಂದೇ ದಿನ ಬಿಸಿಲಿಗೆ ಹಾಕಿ ಪ್ಲಾಸ್ಟಿಕ್ ಚೀಲಕ್ಕೆ ತುಂಬಿದ್ದೆವು. ಮೂರು ತಿಂಗಳಿಗೆ ಕುಟ್ಟೆ ಹುಳ ಹಿಡಿದು, ಕಾಳಿಗೆ ಎರಡೆರಡು ತೂತು, ಚೀಲದ ತಳದಲ್ಲಿ ಹಿಟ್ಟು. ಹನ್ನೊಂದು ಮನೆಯ ಬೀಜ ಅದು. ಈಗ ಮೂರು ನಾಲ್ಕು ದಿನ ಒಳ್ಳೆ ಬಿಸಿಲಿಗೆ ಹಾಕುತ್ತೇವೆ. ಕಾಳು ಹಲ್ಲಿಗೆ ಇಟ್ಟು ಕಚ್ಚಿದರೆ ಟಕ್ ಅಂತ ಒಡೆಯಬೇಕು, ಚಪ್ಪಟೆ ಆಗಬಾರದು. ಬಿಸಿ ಆರಿದ ಮೇಲೆ ಜರಡಿ ಹಿಡಿದ ಬೂದಿ ಬೆರೆಸಿ, ಮಣ್ಣಿನ ಗುಡಾಣಕ್ಕೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಸಗಣಿ ಮೆತ್ತುತ್ತೇವೆ. ಬೀಜ ಒಂದೇ ಮನೆಯಲ್ಲಿ ಇಡಲ್ಲ, ಮೂರು ಮನೆಯಲ್ಲಿ ಹಂಚಿ ಇಡುತ್ತೇವೆ.

ಬಿತ್ತುವ ಮೊದಲು 100 ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಐದಾರು ದಿನಕ್ಕೆ ಮೊಳಕೆ ಎಣಿಸಿ. 75ಕ್ಕಿಂತ ಕಡಿಮೆ ಇದ್ದರೆ ಅದನ್ನು ಬಿತ್ತನೆಗೆ ಇಡಬೇಡಿ. ಬೀಜ ಕಡ ತಗೊಂಡವರು ಒಂದು ಸೇರಿಗೆ ಒಂದೂವರೆ ಸೇರು ವಾಪಸ್ ಕೊಡಬೇಕು. ರೈತರು ತಮ್ಮ ಹೊಲದ ಬೀಜ ಇಟ್ಟುಕೊಳ್ಳುವ, ಬಿತ್ತುವ, ಬದಲಾಯಿಸಿಕೊಳ್ಳುವ, ಮಾರುವ ಹಕ್ಕು 2001ರ ಸಸ್ಯ ತಳಿ ಕಾಯ್ದೆಯಲ್ಲೇ ಇದೆ. ಬ್ರ್ಯಾಂಡ್ ಹೆಸರು ಹಾಕಿ ಮಾರಬಾರದು ಅಷ್ಟೇ. ಯಾರಾದರೂ ಹೆದರಿಸಿದರೆ ಇದನ್ನು ಹೇಳಿ.

ಹಗೇವು ತೆಗೆಯುವಾಗ ಎಚ್ಚರ

ರಾಗಿಗೆ ಹುಳ ಬೀಳುವುದು ಬಹಳ ಕಡಿಮೆ, ವರ್ಷಗಟ್ಟಲೆ ಇರುತ್ತೆ. ನಮ್ಮ ಬೀದಿಯಲ್ಲಿ ಒಂದು ಹಳೆಯ ಹಗೇವು ಇದೆ, ಅಂದರೆ ಕಾಳು ತುಂಬಿಡಲು ನೆಲದಲ್ಲಿ ತೋಡಿದ ಗುಂಡಿ. ಬಾಯಿ ಒಬ್ಬರು ಇಳಿಯುವಷ್ಟು, ಒಳಗೆ ಹೊಟ್ಟೆ ಅಗಲ. ಎತ್ತರದ ಗಟ್ಟಿ ನೆಲದಲ್ಲಿದೆ, ಮಳೆ ನೀರು ನಿಲ್ಲಲ್ಲ. ಒಳಗೆ ಸುತ್ತಲೂ ಒಣ ಹುಲ್ಲು ಕೊಟ್ಟು ರಾಗಿ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತೇವೆ. ಪ್ರತಿ ಮನೆಯಿಂದ ಸುಗ್ಗಿಯಲ್ಲಿ 50 ಕೆಜಿ. ಇದು ಬರಗಾಲದ ರಾಗಿ, ಯಾರದೂ ಅಲ್ಲ, ಎಲ್ಲರದು.

ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಮುಚ್ಚಿದ ಹಗೇವಿನಲ್ಲಿ ಕಾಳು ಉಸಿರಾಡಿ ಉಸಿರಾಡಿ ಒಳ್ಳೆ ಗಾಳಿ ಮುಗಿದಿರುತ್ತೆ. ಚಪ್ಪಡಿ ತೆಗೆದ ತಕ್ಷಣ ಇಳಿದವರು ಪ್ರಾಣ ಕಳೆದುಕೊಳ್ಳುತ್ತಾರೆ. ತೆಗೆದು ಒಂದು ಪೂರ್ತಿ ದಿನ ಹಾಗೇ ಬಿಡಿ. ಹಗ್ಗಕ್ಕೆ ಸೊಪ್ಪಿನ ಕಂತೆ ಕಟ್ಟಿ ಮೇಲೆ ಕೆಳಗೆ ಆಡಿಸಿ, ಗಾಳಿ ಕಲಕಲಿ. ಆಮೇಲೆ ಲಾಂದ್ರ ಹಚ್ಚಿ ತಳದವರೆಗೆ ಇಳಿಸಿ. ಆರಿದರೆ ಯಾರೂ ಇಳಿಯಬಾರದು. ಆರದಿದ್ದರೂ ಸೊಂಟಕ್ಕೆ ಹಗ್ಗ ಕಟ್ಟಿಕೊಂಡೇ ಇಳಿಯಬೇಕು, ಮೇಲೆ ಇಬ್ಬರು ಹಿಡಿದಿರಬೇಕು. ಇಳಿದವರಿಗೆ ತಲೆ ಸುತ್ತಿದರೆ ಹಗ್ಗ ಹಿಡಿದು ಮೇಲಕ್ಕೆ ಎಳೆಯಿರಿ, ಎತ್ತಲು ಅಂತ ಇನ್ನೊಬ್ಬರು ಇಳಿಯಬೇಡಿ. ಹಗೇವು ಇಲ್ಲದ ಊರಿನವರು ಹೊಸದಾಗಿ ತೋಡಬೇಕಾಗಿಲ್ಲ. ಗಟ್ಟಿ ಮುಚ್ಚಳದ ತಗಡಿನ ಕಣಜ ಸಾಕು.

ಉಳಿದದ್ದು

ಗೋಬರ್ ಗ್ಯಾಸ್‌ಗೆ ಎರಡು ಘನ ಮೀಟರ್ ತೊಟ್ಟಿ ಐದಾರು ಜನರ ಅಡುಗೆಗೆ ಸಾಕು. ದಿನಕ್ಕೆ 50 ಕೆಜಿ ಸಗಣಿ, ಅಷ್ಟೇ ನೀರು ಬೇಕು. ಅಂದರೆ ನಾಲ್ಕೈದು ರಾಸು. ಒಂದು ಹಸು ಇದ್ದವರು ಕಟ್ಟಿಸಬೇಡಿ, ಖಾಲಿ ತೊಟ್ಟಿಗಳು ಎಷ್ಟೋ ಊರಲ್ಲಿ ಬಿದ್ದಿವೆ. ಮಳೆ ನೀರಿನ ಲೆಕ್ಕ ಸುಲಭ. ಒಂದು ಚದರ ಮೀಟರ್ ಸೂರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಮೊದಲ ಮಳೆಯ ನೀರು ಹೊರಗೆ ಬಿಟ್ಟು ಆಮೇಲಿನದು ಹಿಡಿಯಿರಿ. ಕೆರೆ ಒಣಗಿದಾಗ ಪಂಚಾಯ್ತಿಯಲ್ಲಿ ಕೇಳಿ ಗೋಡು, ಅಂದರೆ ಕೆರೆ ತಳದ ಹೂಳು ಮಣ್ಣು, ಹೊಲಕ್ಕೆ ಹೊಡೆಸಿ, ಟ್ರ್ಯಾಕ್ಟರ್ ಬಾಡಿಗೆ ಹಂಚಿಕೊಳ್ಳಿ.

ಶುರು ಮಾಡಲು ಒಳ್ಳೆ ಕಾಲ ಸಂಕ್ರಾಂತಿ ಕಳೆದ ಮೇಲೆ. ಕಣ ಖಾಲಿ ಇರುತ್ತೆ, ಜನರ ಕೈಯಲ್ಲಿ ಹೊತ್ತು ಇರುತ್ತೆ. ಯುಗಾದಿಗೆ ಅಂಗಡಿ ಪಟ್ಟಿ ಮುಗಿಸಿ. ಭರಣಿ ಮಳೆ ಹೊತ್ತಿಗೆ, ಅಂದರೆ ಏಪ್ರಿಲ್ ಕೊನೆಗೆ, ರಾಗಿ ಹೊಲ ಗುರುತಾಗಲಿ, ಬೀಜದ ಮೊಳಕೆ ನೋಡಿ ಆಗಿರಲಿ. ಜುಲೈ ತಿಂಗಳ ಪುನರ್ವಸು, ಪುಷ್ಯ ಮಳೆಯ ಬಿತ್ತನೆಗೆ ಮೊದಲ ಮುಯ್ಯಾಳು ಹೊರಡಲಿ. ಹನ್ನೊಂದು ಮನೆ ಸಿಗದಿದ್ದರೆ ನಾಲ್ಕೇ ಮನೆಯಿಂದ ಶುರು ಮಾಡಿ.

ಪುಸ್ತಕದ ಮೊದಲ ಪುಟದಲ್ಲಿ ಹೆಸರು ಬರೆಯುವಾಗ ಮನೆಗೊಬ್ಬ ಯಜಮಾನ ಅಂತ ಬರೆದು ಬಿಡಬೇಡಿ. ಆ ಮನೆಯ ಹೆಣ್ಣುಮಕ್ಕಳ ಹೆಸರನ್ನೂ ಪಕ್ಕದಲ್ಲೇ ಬರೆಯಿರಿ. ಗುಡಾಣದಲ್ಲಿ ಯಾವ ಬೀಜ ಎಷ್ಟಿದೆ ಅಂತ ಕೇಳಿದರೆ ಉತ್ತರ ಗೊತ್ತಿರುವುದು ಅವರಿಗೇ.