ಬಾಲ್ ಇದ್ದ ತಂಡದ ಫೌಲ್: ಸೀಟಿ ಊದುವಾಗ ನಾನು ನೋಡುವುದು

ಬಾಸ್ಕೆಟ್‌ಬಾಲ್‌ನಲ್ಲಿ ಚಾರ್ಜಿಂಗೋ (ನುಗ್ಗಿದವನ ತಪ್ಪು) ಬ್ಲಾಕಿಂಗೋ (ತಡೆದ ಡಿಫೆಂಡರ್‌ನ ತಪ್ಪು) ಎಂಬ ಜಗಳ ಹುಟ್ಟುವುದು ರೆಫರಿ ಬಾಲನ್ನೇ ನೋಡುತ್ತ ನಿಂತಾಗ. ನುಗ್ಗುವವ ಎಲ್ಲಿಗೆ ಬರುತ್ತಾನೆಂಬುದು ಹೇಗೂ ಕಾಣುತ್ತದೆ. ನನ್ನ ಕಣ್ಣು ಅವನೆದುರಿನ ಡಿಫೆಂಡರ್ ಮೇಲೆ. ಎರಡೂ ಪಾದ ನೆಲಕ್ಕೂರಿ, ಎದುರಾಳಿಗೆ ಮುಖ ಮಾಡಿ ಒಮ್ಮೆ ನಿಂತನೆಂದರೆ ಆ ಜಾಗ ಅವನದು. ಆಮೇಲೆ ಹಿಂದಕ್ಕೋ ಪಕ್ಕಕ್ಕೋ ಸರಿಯಬಹುದು, ನಿಂತಲ್ಲೇ ನೇರ ಮೇಲಕ್ಕೆ ಹಾರಬಹುದು. ‘ಅವ ಅಲ್ಲಾಡಿದ, ಬ್ಲಾಕ್ ಕೊಡಿ ಸರ್’ ಎಂದು ಬೆಂಚಿನಿಂದ ಕೂಗು ಬಂದೇ ಬರುತ್ತದೆ. ಅಲ್ಲಾಡಿದ್ದು ತಪ್ಪಲ್ಲ, ಮುಂದಕ್ಕೆ ಬಿದ್ದು ತಾಗಿಸಿದ್ದರೆ ತಪ್ಪು. ಡಿಕ್ಕಿ ಎದೆಗೆ ಬಿತ್ತೋ, ಡಿಫೆಂಡರ್ ತಡವಾಗಿ ಬಂದು ಸೊಂಟ ಅಡ್ಡ ಹಾಕಿದನೋ ಎಂಬುದರಲ್ಲೇ ಅರ್ಧ ತೀರ್ಪು ಇದೆ. ಎದುರಾಳಿ ನೆಲ ಬಿಟ್ಟ ಮೇಲೆ ಅವನ ದಾರಿಗೆ ಬಂದರೆ ಫೌಲ್ ಡಿಫೆಂಡರ್‌ದೇ.

ಬಾಲ್ ಇದ್ದವನ ಎದುರು ನಿಲ್ಲಲು ಅಂತರ ಬಿಡಬೇಕಿಲ್ಲ. ಬಾಲ್ ಇಲ್ಲದೆ ಓಡುವವನಿಗಾದರೆ ಒಂದರಿಂದ ಎರಡು ಹೆಜ್ಜೆ ಬಿಡಬೇಕು. ಸ್ಕ್ರೀನ್ ಹಾಕುವವರು (ತಮ್ಮವನಿಗೆ ದಾರಿಯಾಗಲೆಂದು ಎದುರಾಳಿಗೆ ಅಡ್ಡ ನಿಲ್ಲುವವರು) ಸಿಕ್ಕಿಬೀಳುವುದು ಇಲ್ಲೇ: ಕಾಲು ಅಗಲಿಸಿ, ತಾಗುವ ಹೊತ್ತಿಗೆ ಇನ್ನೂ ಸರಿಯುತ್ತಿರುತ್ತಾರೆ.

ಕಾರವಾರ, ಶಿರಸಿ ಕಡೆಯ ಸಿಮೆಂಟ್ ಕೋರ್ಟುಗಳಲ್ಲಿ ಮಳೆಗಾಲ ಮುಗಿದಾಗ ಎರಡು ತೊಂದರೆ. ಮೂಲೆಗಳಲ್ಲಿ ಹಾವಸೆ ಉಳಿದಿರುತ್ತದೆ. ತಾಗದೆಯೂ ಜಾರಿ ಬೀಳುತ್ತಾರೆ. ಬಿದ್ದದ್ದನ್ನು ನೋಡಿ ಊದಬಾರದು, ತಾಗಿದ್ದನ್ನು ನೋಡಿ ಊದಬೇಕು. (ಯಕ್ಷಗಾನದ ರಾಕ್ಷಸನ ಹಾಗೆ ಅಬ್ಬರಿಸಿ ಉರುಳುವವರಿಗೆ ಮೊದಲು ಎಚ್ಚರಿಕೆ, ಮತ್ತೂ ಮಾಡಿದರೆ ಟೆಕ್ನಿಕಲ್ ಫೌಲ್, ಅಂದರೆ ನಡತೆಯ ತಪ್ಪು.) ಎರಡನೆಯದು, ಬುಟ್ಟಿಯ ಕೆಳಗಿನ ಅರ್ಧವೃತ್ತ ಮಾಸಿಹೋಗಿರುತ್ತದೆ. ರಿಂಗಿನ ನಡುವಿನಿಂದ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ಅದು ನೆಲ ಮುಟ್ಟಿದ ಬಿಂದುವಿನಿಂದ 1.25 ಮೀಟರ್ ಹಗ್ಗ ಹಿಡಿದು ಸೀಮೆಸುಣ್ಣದಲ್ಲಿ ಎಳೆಯುತ್ತೇನೆ. ಆ ಗೆರೆಯನ್ನಾದರೂ ಮೆಟ್ಟಿ ನಿಂತ ಡಿಫೆಂಡರ್‌ಗೆ, ಬಾಲ್ ಹಿಡಿದು ಹಾರಿ ಬಂದವನು ಡಿಕ್ಕಿ ಹೊಡೆದರೆ ಚಾರ್ಜಿಂಗ್ ಇಲ್ಲ. ಮೊಣಕೈಯಿಂದಲೋ ಕೈಯಿಂದಲೋ ತಳ್ಳಿ ಜಾಗ ಮಾಡಿಕೊಂಡರೆ ಮಾತ್ರ ಅಲ್ಲಿಯೂ ಫೌಲ್.

ಹೆಚ್ಚಿನವರು ಎಡವುವುದು ಬಾಲ್ ಕೈಬಿಟ್ಟ ಕ್ಷಣದಲ್ಲಿ. ಶಾಟ್‌ಗೆಂದು ಬಾಲ್ ಕೈಯಿಂದ ಹೊರಟಿತೆಂದರೆ ತಂಡದ ಹಿಡಿತ ಮುಗಿಯಿತು. ಕೈಯಲ್ಲಿದ್ದಾಗಲೇ ಡಿಕ್ಕಿಯಾದರೆ ಬುಟ್ಟಿಗೆ ಬಿದ್ದರೂ ಅಂಕವಿಲ್ಲ, ಎದುರು ತಂಡಕ್ಕೆ ಥ್ರೋ-ಇನ್ (ಗೆರೆಯ ಹೊರಗಿನಿಂದ ಬಾಲ್ ಒಳಕ್ಕೆ ಎಸೆಯುವುದು). ಬಿಟ್ಟ ಮೇಲೆ, ನೆಲಕ್ಕಿಳಿಯುವಾಗ ಡಿಕ್ಕಿಯಾದರೆ ಅಂಕ ಉಂಟು, ಫೌಲ್ ಸಹ ಉಂಟು. ಆ ಕ್ವಾರ್ಟರ್‌ನಲ್ಲಿ ತಂಡದ ಫೌಲ್ ನಾಲ್ಕು ದಾಟಿದ್ದರೆ ಡಿಕ್ಕಿ ತಿಂದವನಿಗೆ ಎರಡು ಫ್ರೀ ಥ್ರೋ (ಯಾರೂ ತಡೆಯದ ಎಸೆತ). ಹಿಡಿತವಿದ್ದಾಗಿನ ಫೌಲ್‌ಗೆ ಮಾತ್ರ ಐದಾಗಿರಲಿ ಆರಾಗಿರಲಿ, ಫ್ರೀ ಥ್ರೋ ಇಲ್ಲ.

ಹಾಗೆಂದು ಸ್ಕೋರರ್ ಅದನ್ನು ತಂಡದ ಲೆಕ್ಕದಿಂದ ಬಿಡುವಂತಿಲ್ಲ. ಅಮೆರಿಕದ ಎನ್‌ಬಿಎ ಲೀಗ್ ನೋಡಿ ಕಲಿತ ಹುಡುಗರು ಟೇಬಲ್‌ನಲ್ಲಿ ಕುಳಿತರೆ ಬಿಟ್ಟೇಬಿಡುತ್ತಾರೆ. ನಾವು ಆಡುವ ಫಿಬಾ (ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟ) ನಿಯಮದಲ್ಲಿ ಅದೂ ಸೇರುತ್ತದೆ. ಆಟ ಶುರುವಾಗುವ ಮೊದಲೇ ಹೇಳಿಬಿಡುವುದು ಒಳ್ಳೆಯದು. ಶಾಟ್ ಕ್ಲಾಕ್ (ಶಾಟ್ ಹೊಡೆಯಲು ಇರುವ ಸಮಯ ತೋರಿಸುವ ಗಡಿಯಾರ) ಇದ್ದರೆ, ಥ್ರೋ-ಇನ್ ಪಡೆದವರು ತಮ್ಮ ಹಿಂಬದಿ ಅರ್ಧದಲ್ಲಿದ್ದರೆ 24 ಸೆಕೆಂಡ್, ಮುಂದಿನ ಅರ್ಧದಲ್ಲಿದ್ದರೆ 14.

ಸೀಟಿಯ ಜೊತೆ ಮುಷ್ಟಿ ಮೇಲೆ. ಟೇಬಲ್‌ಗೆ ಮೊದಲು ಆಟಗಾರನ ನಂಬರ್, ಆಮೇಲೆ ಫೌಲ್‌ನ ಬಗೆ (ಚಾರ್ಜಿಂಗ್‌ಗೆ ಅಂಗೈಗೆ ಮುಷ್ಟಿ ಹೊಡೆತ), ಕೊನೆಗೆ ತಪ್ಪು ಮಾಡಿದ ತಂಡ ಕಾಯುವ ಬುಟ್ಟಿಯತ್ತ ಮುಷ್ಟಿ ಚಾಚುವುದು. ಇಬ್ಬರು ರೆಫರಿಗಳೂ ಒಟ್ಟಿಗೆ ಊದಿದರೆ ಮುಷ್ಟಿ ಎತ್ತಿ ಅಲ್ಲಿಗೇ ನಿಲ್ಲುತ್ತೇನೆ. ಒಬ್ಬ ಚಾರ್ಜಿಂಗ್, ಇನ್ನೊಬ್ಬ ಬ್ಲಾಕಿಂಗ್ ತೋರಿಸಿಬಿಟ್ಟರೆ ಆ ಪಂದ್ಯ ಮುಗಿಯುವತನಕ ಯಾವ ಕೋಚೂ ಸುಮ್ಮನಿರುವುದಿಲ್ಲ. ಕಣ್ಣಲ್ಲೇ ಮಾತಾಡಿಕೊಂಡು, ಡಿಕ್ಕಿ ಯಾರ ಪಾಲಿನ ಜಾಗದಲ್ಲಾಯಿತೋ ಅವರೇ ಸನ್ನೆ ಮಾಡಬೇಕು. ಬುಟ್ಟಿಯ ಹತ್ತಿರವಾದರೆ ಸಾಮಾನ್ಯವಾಗಿ ಬೇಸ್‌ಲೈನ್‌ನಲ್ಲಿ (ಬುಟ್ಟಿಯ ಹಿಂದಿನ ಗೆರೆಯಲ್ಲಿ) ನಿಂತವರು.